ಫುಕೆಟ್‌ನಲ್ಲಿ ಕಂಪನಿ ಹೆಸರಿಗೆ ವಿಲ್ಲಾ ತಗೊಳ್ಳಬಹುದು ಅಂತಾರೆ, ಇದು ನಡೆಯುತ್ತಾ?

ಪಡುವಣ_ಗಾಳಿ

ಎಲ್ಲರಿಗೂ ನಮಸ್ಕಾರ. ಹೋದ ಬೇಸಿಗೆ ರಜೆಯಲ್ಲಿ ಫ್ಯಾಮಿಲಿ ಜೊತೆ ಫುಕೆಟ್‌ಗೆ ಹೋಗಿದ್ದೆವು. ಜಾಗ ತುಂಬಾ ಹಿಡಿಸಿತು. ಅಲ್ಲಿ ರವಾಯ್ ಕಡೆ ಒಬ್ಬ ಏಜೆಂಟ್ ಪರಿಚಯವಾದ, ಈಗ ದಿನಾ ವಾಟ್ಸಾಪ್‌ಗೆ ವಿಲ್ಲಾ ಫೋಟೊ ಕಳಿಸುತ್ತಾನೆ. ಬೆಂಗಳೂರಲ್ಲಿ ಒಂದು ಒಳ್ಳೆ ಫ್ಲ್ಯಾಟ್‌ಗೆ ಕೊಡುವ ದುಡ್ಡಿಗೆ ಅಲ್ಲಿ ಸ್ವಿಮ್ಮಿಂಗ್ ಪೂಲ್ ಇರುವ ಮನೆ ಸಿಗುತ್ತೆ ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ.

ವಿದೇಶಿಯರ ಹೆಸರಿಗೆ ಅಲ್ಲಿ ಜಮೀನು ಆಗುವುದಿಲ್ಲ ಅಂತ ಅವನೇ ಹೇಳಿದ. ಆದರೆ ಎರಡು ದಾರಿ ಇದೆಯಂತೆ. ಒಂದು, ಥಾಯ್ ಕಂಪನಿ ಮಾಡುವುದು: 51% ಶೇರು ಮೂರು ಜನ ಥಾಯ್ ಪ್ರಜೆಗಳ ಹೆಸರಲ್ಲಿ, 49% ನನ್ನದು, ಡೈರೆಕ್ಟರ್ ನಾನೊಬ್ಬನೇ, ಜಮೀನು ಕಂಪನಿ ಹೆಸರಿಗೆ. ಆ ಮೂರು ಜನರನ್ನು ಅವರ ಆಫೀಸಿನವರೇ ಒದಗಿಸುತ್ತಾರೆ, ಶೇರು ವರ್ಗಾವಣೆಯ ಖಾಲಿ ಪತ್ರಕ್ಕೆ ಮೊದಲೇ ಸಹಿ ಹಾಕಿಸಿ ನನ್ನ ಕೈಗೆ ಕೊಡುತ್ತಾರೆ, ಹಾಗಾಗಿ ಏನೂ ಭಯ ಇಲ್ಲ ಅಂತಾನೆ. ಇನ್ನೊಂದು, 30+30+30 ಗುತ್ತಿಗೆ, ಅಂದರೆ 90 ವರ್ಷ. ನಾವಿಲ್ಲದಾಗ ಏರ್‌ಬಿಎನ್‌ಬಿಗೆ ಹಾಕಿದರೆ ಇಎಂಐ ಅದೇ ಕಟ್ಟಿಕೊಳ್ಳುತ್ತೆ ಅಂತ ಲೆಕ್ಕ.

ದುಡ್ಡಿಗೆ ಮೈಸೂರಿನ ಸೈಟ್ ಮಾರುವುದು, ಉಳಿದದ್ದಕ್ಕೆ ಈಗಿರುವ ಮನೆ ಮೇಲೆ ಟಾಪ್‌ಅಪ್ ಲೋನ್. ಅಲ್ಲಿ ಇರುವವರು, ಇಂಥದ್ದು ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅಡ್ವಾನ್ಸ್ ಕೊಡು ಅಂತ ಒತ್ತಾಯ ಮಾಡುತ್ತಿದ್ದಾನೆ.

ಹಳೇ_ಜಟಕಾ

ಖಾಲಿ ಪೇಪರಿಗೆ ಸಹಿ ಹಾಕಿಸುವ ವ್ಯವಹಾರ ಬೇಕು ಅಂದರೆ ನಮ್ಮ ಆನೇಕಲ್ ಕಡೆ ಬನ್ನಿ ಗುರುಗಳೇ, ವಿಮಾನದ ಖರ್ಚಾದರೂ ಉಳಿಯುತ್ತೆ.

ಸುಖುಮ್ವಿತ್_ಸೀನ

ನಾನು ಬ್ಯಾಂಕಾಕ್‌ನಲ್ಲಿ ಕೆಲಸದಲ್ಲಿದ್ದೇನೆ, ವಕೀಲ ಅಲ್ಲ. ಆದರೆ ಈ ಪ್ರಶ್ನೆ ಇಲ್ಲಿನ ನಮ್ಮವರ ಮಧ್ಯೆ ಎಷ್ಟು ಸಲ ಬರುತ್ತೆ ಅಂದರೆ ಉತ್ತರ ಬಾಯಿಪಾಠ ಆಗಿಬಿಟ್ಟಿದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಅಡ್ವಾನ್ಸ್ ಕೊಡಬೇಡಿ. ಆ ಏಜೆಂಟ್ ಹೇಳಿದ ಮೊದಲ ದಾರಿಗೆ ನಮ್ಮಲ್ಲಿ ಬೇನಾಮಿ ಅಂತಾರೆ. ಇಲ್ಲೂ ಅದು ಅಪರಾಧವೇ. ಥಾಯ್ಲೆಂಡಿನ 1954ರ ಭೂ ಕಾಯ್ದೆಯ ಪ್ರಕಾರ ವಿದೇಶಿಯೊಬ್ಬ ಜಮೀನು ಕೊಳ್ಳಬೇಕು ಅಂದರೆ ಅವನ ದೇಶದ ಜೊತೆ ಅದಕ್ಕೊಂದು ಒಪ್ಪಂದ ಇರಬೇಕು. ಅಂಥ ಒಪ್ಪಂದಗಳೆಲ್ಲ 1970ಕ್ಕೇ ಮುಗಿದವು. ಅಂದರೆ ಕಾಗದದ ಮೇಲೆ ಬಾಗಿಲಿದೆ, ತೆಗೆಯುವುದಿಲ್ಲ. 1999ರಲ್ಲಿ ಒಂದು ಕಿಟಕಿ ಇಟ್ಟರು: 4 ಕೋಟಿ ಬಾತ್ (ಇಲ್ಲಿನ ಹಣ) ತಂದು ಸರ್ಕಾರ ಹೇಳಿದ ಕಡೆ ಕನಿಷ್ಠ 5 ವರ್ಷ ಹೂಡಿಕೆ ಮಾಡಿದರೆ, ಮಂತ್ರಿಯ ಅನುಮತಿ ಸಿಕ್ಕರೆ, ವಾಸಕ್ಕೆ ಅಂತ 1 ರೈ ಜಾಗ ಕೊಳ್ಳಬಹುದು. 1 ರೈ ಅಂದರೆ 1,600 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 16 ಗುಂಟೆ. ಅಷ್ಟಿದ್ದವರು ಇಲ್ಲಿ ಬಂದು ಪ್ರಶ್ನೆ ಕೇಳುವುದಿಲ್ಲ ಬಿಡಿ.

ಈಗ ಕಂಪನಿ ವಿಷಯ. 49%ಗಿಂತ ಜಾಸ್ತಿ ಬಂಡವಾಳ ವಿದೇಶಿಯರದ್ದಾಗಿದ್ದರೆ, ಅಥವಾ ಶೇರುದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಿದೇಶಿಯರಾಗಿದ್ದರೆ, ಜಮೀನಿನ ವಿಷಯದಲ್ಲಿ ಆ ಕಂಪನಿಯನ್ನೇ ವಿದೇಶಿ ಅಂತ ನೋಡುತ್ತಾರೆ. ಅದಕ್ಕೇ ಎಲ್ಲರೂ 49/51 ಅಂತ ಕೂರಿಸುವುದು. ಆದರೆ 51% ಇಟ್ಟುಕೊಂಡ ಥಾಯ್ ಜನ ತಮ್ಮ ದುಡ್ಡು ಹಾಕಿರಬೇಕು. ಏಜೆಂಟ್ ಆಫೀಸಿನ ಡ್ರೈವರ್, ಕ್ಲೀನಿಂಗ್ ಮಾಡುವ ಅಕ್ಕ, ಅಕೌಂಟ್ಸ್ ಹುಡುಗಿ ಲಕ್ಷಗಟ್ಟಲೆ ಬಾತ್ ಶೇರಿಗೆ ಎಲ್ಲಿಂದ ತಂದರು? ಈ ಪ್ರಶ್ನೆ ಕೇಳಿ ಅಂತ 2006ರಲ್ಲೇ ಲ್ಯಾಂಡ್ ಆಫೀಸುಗಳಿಗೆ ಆದೇಶ ಹೋಗಿದೆ. ಕಂಪನಿಯಲ್ಲಿ ವಿದೇಶಿ ಶೇರುದಾರ ಇದ್ದರೆ ಥಾಯ್ ಶೇರುದಾರರ ಆದಾಯದ ಮೂಲ ವಿಚಾರಿಸಬಹುದು. ಯಾವ ವ್ಯಾಪಾರವೂ ಇಲ್ಲದೆ ಒಂದು ವಿಲ್ಲಾ ಮಾತ್ರ ಇಟ್ಟುಕೊಂಡು ವರ್ಷ ವರ್ಷ ಬ್ಯಾಲೆನ್ಸ್ ಶೀಟ್ ಸಲ್ಲಿಸುವ ಕಂಪನಿ ಯಾರ ಕಣ್ಣಿಗಾದರೂ ಬೀಳುತ್ತೆ.

ಸಿಕ್ಕಿಬಿದ್ದರೆ ಏನಾಗುತ್ತೆ? ಭೂ ಕಾಯ್ದೆಯಲ್ಲಿ ವಿದೇಶಿಗೂ ಅವನ ಪರವಾಗಿ ಹೆಸರು ಕೊಟ್ಟವನಿಗೂ 2 ವರ್ಷದವರೆಗೆ ಜೈಲು, ಅಥವಾ 20,000 ಬಾತ್‌ವರೆಗೆ ದಂಡ, ಅಥವಾ ಎರಡೂ. ವಿದೇಶಿ ವ್ಯವಹಾರಗಳ ಕಾಯ್ದೆ ಅಂತ 1999ರದ್ದು ಬೇರೆ ಇದೆ, ಅದರಲ್ಲಿ ಇನ್ನೂ ಗಟ್ಟಿ: 3 ವರ್ಷದವರೆಗೆ ಜೈಲು, 1 ಲಕ್ಷದಿಂದ 10 ಲಕ್ಷ ಬಾತ್ ದಂಡ. ಜಮೀನನ್ನು ಮಾರಿಬಿಡಿ ಅಂತ ಗಡುವು ಕೊಡುತ್ತಾರೆ, ಅದು 180 ದಿನಕ್ಕೆ ಕಡಿಮೆ ಇರಲ್ಲ, 1 ವರ್ಷಕ್ಕೆ ಜಾಸ್ತಿ ಇರಲ್ಲ. ನೀವು ಮಾರದಿದ್ದರೆ ಭೂ ಇಲಾಖೆಯೇ ಮಾರಿಸುತ್ತೆ. ಗಡುವು ಇರುವ ಮಾಲು ಅಂತ ಗೊತ್ತಾದರೆ ಊರಲ್ಲಿ ಯಾರು ಸರಿಯಾದ ಬೆಲೆ ಕೊಡುತ್ತಾರೆ?

ಆದರೆ ನನಗೆ ಸರ್ಕಾರಕ್ಕಿಂತ ಜಾಸ್ತಿ ಭಯ ಆ ಮೂರು ಜನರದ್ದು. ಅವರಲ್ಲಿ ಒಬ್ಬ ತೀರಿಕೊಳ್ಳಬಹುದು, ಡೈವೋರ್ಸ್ ಆಗಬಹುದು, ಸಾಲಗಾರ ಅವನ ಶೇರು ಜಪ್ತಿ ಮಾಡಿಸಬಹುದು, ಅಥವಾ ಹತ್ತು ವರ್ಷ ಆದಮೇಲೆ ಜಾಗದ ಬೆಲೆ ಏರಿದ್ದು ನೋಡಿ ಅವನಿಗೇ ಆಸೆ ಹುಟ್ಟಬಹುದು. ಆಗ ನೀವು ಆ ಖಾಲಿ ಪತ್ರ ಹಿಡಿದು ಕೋರ್ಟಿಗೆ ಹೋದರೆ ಮೊದಲು ಒಪ್ಪಿಕೊಳ್ಳಬೇಕಾದದ್ದು ಏನು? "ಸ್ವಾಮಿ, ಇವನು ನಿಜವಾದ ಶೇರುದಾರ ಅಲ್ಲ, ನಾನು ಕಾನೂನು ತಪ್ಪಿಸಲು ಇಟ್ಟುಕೊಂಡವನು" ಅಂತ. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿಕೊಂಡ ಕರಾರು ಇಲ್ಲಿನ ಸಿವಿಲ್ ಸಂಹಿತೆಯಲ್ಲಿ ಅಸಿಂಧು. ಅಂಥದ್ದಕ್ಕೆ ಕೊಟ್ಟ ದುಡ್ಡು ವಾಪಸ್ ಕೇಳುವ ಹಕ್ಕೂ ಇಲ್ಲ. ನಿಮ್ಮ ಕೈಲಿರುವ ಪತ್ರ ನಿಮ್ಮ ವಿರುದ್ಧದ ಸಾಕ್ಷಿ ಆಗುತ್ತೆ, ಅಷ್ಟೇ.

ಗುತ್ತಿಗೆ ಬಗ್ಗೆ ಸಂಜೆ ಬರೆಯುತ್ತೇನೆ, ಮೀಟಿಂಗ್ ಇದೆ.

ಗೋಲ್ಡನ್_ವೀಸಾ_ಗೌಡ

ಸೀನಣ್ಣ ಜಾಸ್ತಿ ಹೆದರಿಸುತ್ತಿದ್ದಾರೆ. ನನ್ನ ಕಸಿನ್ ದುಬೈಯಲ್ಲಿದ್ದಾನೆ, ಕೊ ಸಮುಯ್‌ನಲ್ಲಿ ಇದೇ ಥರ ತಗೊಂಡು ಆರಾಮಾಗಿದ್ದಾನೆ. ಯುರೋಪಿನವರು, ರಷ್ಯಾದವರು ಸಾವಿರಾರು ಜನ ಹೀಗೇ ಇಟ್ಟುಕೊಂಡಿದ್ದಾರೆ. ಟೂರಿಸಂನಿಂದ ಬದುಕುವ ದೇಶ, ಎಲ್ಲರನ್ನೂ ಓಡಿಸುತ್ತಾರಾ? ರಿಸ್ಕ್ ಇಲ್ಲದೆ ಯಾವ ರಿಟರ್ನ್ ಬರುತ್ತೆ ಹೇಳಿ.

ಸುಖುಮ್ವಿತ್_ಸೀನ

ಗೌಡ್ರೆ, ಸಾವಿರಾರು ಜನ ಮಾಡಿದ್ದಾರೆ ಅನ್ನುವುದು ನಿಜ. ಅದಕ್ಕೇ ಸರ್ಕಾರಕ್ಕೆ ಒಂದು ಕಡೆಯಿಂದ ಪಟ್ಟಿ ತೆಗೆಯುವುದು ಸುಲಭ. ಒಂದೇ ವಿಳಾಸದಲ್ಲಿ ಎಷ್ಟು ಕಂಪನಿ, ಒಬ್ಬನೇ ಥಾಯ್ ಮನುಷ್ಯ ಎಷ್ಟು ಕಂಪನಿಯಲ್ಲಿ ಶೇರುದಾರ, ಇದೆಲ್ಲ ಕಂಪನಿ ನೋಂದಣಿ ಇಲಾಖೆಯ ಕಂಪ್ಯೂಟರಿನಲ್ಲೇ ಸಿಗುತ್ತೆ. ಫುಕೆಟ್, ಸಮುಯ್‌ಗಳಲ್ಲಿ ಇತ್ತೀಚೆಗೆ ತಪಾಸಣೆ ನಡೆಯುತ್ತಿರುವುದೂ ಹೀಗೇ.

ಇನ್ನೊಂದು ವಿಷಯ, ಜಮೀನು ಅಂದರೆ ಇಲ್ಲಿನವರಿಗೆ ಎಷ್ಟು ಸೂಕ್ಷ್ಮ ಅನ್ನುವುದು ಟೂರಿಸ್ಟ್ ಆಗಿ ಬಂದವರಿಗೆ ಗೊತ್ತಾಗಲ್ಲ. 2022ರ ಅಕ್ಟೋಬರಿನಲ್ಲಿ ಪ್ರಯುತ್ ಸರ್ಕಾರ ಆ 4 ಕೋಟಿ ಬಾತ್ ಹೂಡಿಕೆಯ ಅವಧಿಯನ್ನು 5ರಿಂದ 3 ವರ್ಷಕ್ಕೆ ಇಳಿಸಲು ಹೊರಟಿತು. ಅಷ್ಟಕ್ಕೇ ದೇಶ ಮಾರುತ್ತಿದ್ದಾರೆ ಅಂತ ಗಲಾಟೆ ಆಗಿ ನವೆಂಬರಿನಲ್ಲಿ ವಾಪಸ್ ತಗೊಂಡರು. ಅದಕ್ಕೂ ಹಿಂದೆ 1995ರಲ್ಲಿ ಬಡ ರೈತರಿಗೆ ಅಂತ ಇಟ್ಟ ಸರ್ಕಾರಿ ಜಮೀನು ಫುಕೆಟ್‌ನ ಶ್ರೀಮಂತರ ಕೈಗೆ ಹೋಯಿತು ಅನ್ನುವ ಹಗರಣದಲ್ಲಿ ಚುವಾನ್ ಲೀಕ್‌ಪೈ ಸರ್ಕಾರವೇ ಬಿತ್ತು. 2024ರ ಫೆಬ್ರವರಿಯಲ್ಲಿ ಫುಕೆಟ್‌ನ ಯಾಮು ಭೂಶಿರದಲ್ಲಿ, ಒಂದು ವಿಲ್ಲಾದ ಮೆಟ್ಟಿಲ ಮೇಲೆ ಕೂತಿದ್ದ ಥಾಯ್ ಡಾಕ್ಟರ್‌ಗೂ ಅಲ್ಲಿ ಬಾಡಿಗೆಗಿದ್ದ ವಿದೇಶಿಗೂ ಜಗಳ ಆಯಿತು. ಅಳೆದು ನೋಡಿದರೆ ಆ ಮೆಟ್ಟಿಲು ಇದ್ದದ್ದೇ ಸಾರ್ವಜನಿಕ ಜಾಗದಲ್ಲಿ. ಒಡೆದು ಹಾಕಿದರು. ಒಂದು ಮೆಟ್ಟಿಲಿನಿಂದ ಶುರುವಾಗಿ ವಿದೇಶಿಯರ ಜಮೀನೆಲ್ಲ ತನಿಖೆ ಮಾಡಿ ಅಂತ ಜನ ಬೀದಿಗೆ ಬಂದರು. ನಿಮ್ಮ ಕಸಿನ್ ಆರಾಮಾಗಿರಲಿ, ನಾನೂ ಹಾರೈಸುತ್ತೇನೆ. ಆದರೆ ಆ ಆರಾಮ ಪಕ್ಕದ ಮನೆಯವನ ಮೂಡಿನ ಮೇಲೆ ನಿಂತಿದೆ.

ಈಗ ಗುತ್ತಿಗೆ. ಇದು ಕಾನೂನುಬದ್ಧ, ಬೇಕಾದರೆ ಮಾಡಿ, ಆದರೆ 90 ವರ್ಷ ಅನ್ನುವುದು ಸುಮ್ನೆ ಮಾತು. ಮನೆ, ಜಮೀನಿನ ಗುತ್ತಿಗೆ 30 ವರ್ಷ ಮೀರುವ ಹಾಗಿಲ್ಲ, ಜಾಸ್ತಿ ಬರೆದರೂ 30ಕ್ಕೇ ಇಳಿಯುತ್ತೆ. ಮುಗಿದ ಮೇಲೆ ನವೀಕರಿಸಬಹುದು ನಿಜ. ಆದರೆ ನವೀಕರಿಸುತ್ತೇನೆ ಅಂತ ಇವತ್ತು ಬರೆದುಕೊಡುವುದು ಈಗಿನ ಮಾಲೀಕ ಕೊಟ್ಟ ಮಾತು ಮಾತ್ರ. ಅವನು ಜಾಗ ಮಾರಿದರೆ ಹೊಸ ಮಾಲೀಕ ಮೊದಲ 30 ವರ್ಷದ ನೋಂದಾಯಿತ ಗುತ್ತಿಗೆಗೆ ತಲೆಬಾಗಬೇಕು, ಮುಂದಿನ 30ಕ್ಕೆ ಅಲ್ಲ. ಹಾಗಾಗಿ ಬೆಲೆ ಕಟ್ಟುವಾಗ 30 ವರ್ಷಕ್ಕೆ ಮಾತ್ರ ಕಟ್ಟಿ. ಏಜೆಂಟ್ 90 ವರ್ಷದ ರೇಟ್ ಕೇಳುತ್ತಾನೆ.

3 ವರ್ಷಕ್ಕಿಂತ ಜಾಸ್ತಿಯ ಗುತ್ತಿಗೆ ಲ್ಯಾಂಡ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು. ಶುಲ್ಕ ಒಟ್ಟು ಬಾಡಿಗೆಯ 1%, ಜೊತೆಗೆ 0.1% ಸ್ಟ್ಯಾಂಪ್. ಬಾಡಿಗೆದಾರ ತೀರಿಕೊಂಡರೆ ಗುತ್ತಿಗೆ ಅಲ್ಲಿಗೇ ಮುಗಿಯುವುದು ಇಲ್ಲಿನ ರೂಢಿ, ಆದ್ದರಿಂದ ಹೆಂಡತಿಯ ಹೆಸರೂ ಮೊದಲೇ ಸೇರಿಸಿ. ಮನೆ ಕಟ್ಟಡ ಬೇರೆ, ಜಮೀನು ಬೇರೆ. ಕಟ್ಟಡ ನಿಮ್ಮ ಹೆಸರಲ್ಲಿ ಇರಬಹುದು, ಅದಕ್ಕೆ ಬೇರೆಯವರ ನೆಲದ ಮೇಲೆ ಕಟ್ಟಡ ಹೊಂದುವ ಹಕ್ಕು ಅಂತ ಪ್ರತ್ಯೇಕವಾಗಿ ನೋಂದಣಿ ಮಾಡಿಸಬಹುದು. ಇದನ್ನು ಏಜೆಂಟ್‌ಗಳು ತಾವಾಗಿ ಹೇಳುವುದು ಕಡಿಮೆ.

ಮತ್ತೆ, ಜಮೀನಿನ ಪತ್ರದ ಹಿಂಭಾಗ ನೋಡಿ. ಅಡಮಾನ ಇದ್ದರೆ ಅಲ್ಲಿ ಬರೆದಿರುತ್ತೆ. ನಿಮ್ಮ ಗುತ್ತಿಗೆಗಿಂತ ಮೊದಲಿನ ಅಡಮಾನ ಇದ್ದು ಮಾಲೀಕ ಸಾಲ ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಗುತ್ತಿಗೆಯನ್ನೂ ಅಳಿಸಿಹಾಕಿಸಿ ಜಾಗ ಹರಾಜು ಹಾಕಬಹುದು.

ಲೆಕ್ಕದ_ಪುಸ್ತಕ

ಎಲ್ಲರೂ ಥಾಯ್ ಕಾನೂನೇ ಮಾತಾಡುತ್ತಿದ್ದೀರಿ. ಪಡುವಣ ಅವರೇ, ನಿಮ್ಮ ತೊಂದರೆ ಕೆಂಪೇಗೌಡ ವಿಮಾನ ನಿಲ್ದಾಣ ದಾಟುವ ಮೊದಲೇ ಶುರುವಾಗುತ್ತೆ. ನಾನು ಸಿಎ, ಇಂಥ ಫೈಲುಗಳು ನನ್ನ ಟೇಬಲ್ಲಿಗೆ ಬರುವುದು ದುಡ್ಡು ಹೋದ ಮೇಲೆ, ಅದೇ ಬೇಜಾರು.

ಟಾಪ್‌ಅಪ್ ಲೋನ್ ವಿಚಾರ ಬಿಟ್ಟುಬಿಡಿ. ವಿದೇಶಕ್ಕೆ ದುಡ್ಡು ಕಳಿಸಲು ಆರ್‌ಬಿಐ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ವಿದೇಶದಲ್ಲಿ ಆಸ್ತಿ ಕೊಳ್ಳುವುದಕ್ಕೂ ಕಳಿಸಬಹುದು, ಗಂಡ ಹೆಂಡತಿ ಮಿತಿ ಸೇರಿಸಿಕೊಳ್ಳಬಹುದು. ಆದರೆ ಇಂಥ ಹೂಡಿಕೆಗೆ ಕಳಿಸಲು ಬ್ಯಾಂಕುಗಳು ಸಾಲ ಕೊಡುವ ಹಾಗಿಲ್ಲ. ಮನೆ ರಿಪೇರಿ ಅಂತ ಸುಳ್ಳು ಹೇಳಿ ಲೋನ್ ತೆಗೆದು ಅಲ್ಲಿಗೆ ಕಳಿಸುವ ಐಡಿಯಾ ಯಾರಾದರೂ ಕೊಟ್ಟರೆ ಅವರ ನಂಬರ್ ಡಿಲೀಟ್ ಮಾಡಿ.

ಇನ್ನು ಆ ಥಾಯ್ ಕಂಪನಿ. ಲಿಸ್ಟ್ ಆಗದ ವಿದೇಶಿ ಕಂಪನಿಯ ಶೇರು ತಗೊಂಡರೆ ಅದು ಆಸ್ತಿ ಖರೀದಿ ಅಲ್ಲ, ವಿದೇಶಿ ನೇರ ಹೂಡಿಕೆ. 2022ರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ, ಬ್ಯಾಂಕಿನ ಮೂಲಕ ಬೇರೆ ಫಾರಂ, ಬೇರೆ ನಂಬರ್, ಕಂಪನಿ ನಿಮ್ಮ ಹಿಡಿತದಲ್ಲಿದ್ದರೆ ವರ್ಷ ವರ್ಷ ವರದಿ. ಜಾಗ ಕೊಂಡು ಮಾರುವುದೇ ಕೆಲಸವಾಗಿರುವ ಕಂಪನಿಯಲ್ಲಿ ಇಂಥ ಹೂಡಿಕೆಗೆ ಅವಕಾಶವೇ ಇಲ್ಲ. ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕಿಗೆ ಕೊಡುವ ಎ2 ಫಾರಂನಲ್ಲಿ "ಆಸ್ತಿ ಖರೀದಿ" ಅಂತ ಬರೆದು ದುಡ್ಡು ಕಳಿಸಿ, ಅಲ್ಲಿ ನಿಮ್ಮ ಹೆಸರಲ್ಲಿ ಒಂದು ಇಂಚೂ ಆಸ್ತಿ ಇಲ್ಲದೆ ಶೇರು ಮಾತ್ರ ಇದ್ದರೆ, ನಾಳೆ ಫೆಮಾದಲ್ಲಿ, ಅಂದರೆ ನಮ್ಮ ವಿದೇಶಿ ವಿನಿಮಯ ಕಾಯ್ದೆಯಲ್ಲಿ ಕೇಳಿದಾಗ ಏನು ತೋರಿಸುತ್ತೀರಿ? ಅಂದರೆ ಒಂದೇ ವ್ಯವಹಾರ ಎರಡು ದೇಶದಲ್ಲೂ ತಪ್ಪು.

5 ವರ್ಷಕ್ಕಿಂತ ಜಾಸ್ತಿಯ ಗುತ್ತಿಗೆಯನ್ನೂ ನಮ್ಮ ನಿಯಮದಲ್ಲಿ ಆಸ್ತಿ ಕೊಂಡ ಹಾಗೇ ನೋಡುತ್ತಾರೆ, ಅದನ್ನು ಬಾಡಿಗೆ ಅಂತ ತೋರಿಸಿ ಕಳಿಸಬೇಡಿ.

ಟಿಸಿಎಸ್, ಅಂದರೆ ಕಳಿಸುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ: ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ 20% ಬ್ಯಾಂಕಿನವರು ಹಿಡಿಯುತ್ತಾರೆ. ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಲಿ ಇರಲ್ಲ. 1 ಕೋಟಿ ಕಳಿಸಿದರೆ 18 ಲಕ್ಷ ಪಕ್ಕಕ್ಕೆ ಇಡಬೇಕು, ಸೈಟ್ ಮಾರಿದ ಲೆಕ್ಕದಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ.

ಮತ್ತು ಐಟಿಆರ್‌ನಲ್ಲಿ (ಆದಾಯ ತೆರಿಗೆ ರಿಟರ್ನ್) ಶೆಡ್ಯೂಲ್ ಎಫ್‌ಎ, ಅಂದರೆ ವಿದೇಶಿ ಆಸ್ತಿಯ ಪಟ್ಟಿ, ತುಂಬಬೇಕು. ವಿದೇಶದ ಆಸ್ತಿ ಇದ್ದರೆ ಐಟಿಆರ್-1 ಹಾಕುವ ಹಾಗಿಲ್ಲ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ. 2024ರ ಅಕ್ಟೋಬರಿನಿಂದ 20 ಲಕ್ಷದವರೆಗಿನ ಸಣ್ಣಪುಟ್ಟ ವಿದೇಶಿ ಆಸ್ತಿಗೆ ರಿಯಾಯಿತಿ ಕೊಟ್ಟಿದ್ದಾರೆ, ಆದರೆ ಸ್ಥಿರಾಸ್ತಿಗೆ ಅದು ಅನ್ವಯಿಸುವುದಿಲ್ಲ.

ಮಲೆನಾಡ_ಮಿಂಚುಳ್ಳಿ

ಥಾಯ್ಲೆಂಡ್ ಬೇಡ, ಬಾಲಿ ನೋಡಬಹುದಾ? ಅಲ್ಲಿನ ಜನರ ಹೆಸರಲ್ಲಿ ತಗೊಂಡು ಸಾಲದ ಪತ್ರ ಮಾಡಿಸಿಕೊಳ್ಳುವುದು ನಡೆಯುತ್ತೆ ಅಂತ ಒಂದು ಯೂಟ್ಯೂಬ್ ವಿಡಿಯೊದಲ್ಲಿ ನೋಡಿದೆ.

ಸುಖುಮ್ವಿತ್_ಸೀನ

ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಆಗುತ್ತೆ ಮೇಡಂ. ಇಂಡೊನೇಷ್ಯಾದ 1960ರ ಭೂ ಕಾನೂನಿನಲ್ಲಿ ಪೂರ್ಣ ಒಡೆತನ ಅಲ್ಲಿನ ಪ್ರಜೆಗೆ ಮಾತ್ರ. ನೇರವಾಗಿಯೋ ಸುತ್ತುಬಳಸಿಯೋ ವಿದೇಶಿಗೆ ದಾಟಿಸಿದರೆ ಆ ವ್ಯವಹಾರ ಅಸಿಂಧು, ಜಮೀನು ಸರ್ಕಾರಕ್ಕೆ ಹೋಗುತ್ತೆ, ಕೊಟ್ಟ ದುಡ್ಡು ವಾಪಸ್ ಕೇಳುವ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ. ಥಾಯ್ಲೆಂಡಿನಲ್ಲಿ ಕನಿಷ್ಠ ಮಾರಲು ಸಮಯ ಕೊಡುತ್ತಾರೆ. ಇಂಡೊನೇಷ್ಯಾದಲ್ಲಿ ವಾಸದ ಪರವಾನಗಿ ಇರುವ ವಿದೇಶಿಯರಿಗೆ ಹಕ್ ಪಾಕೈ ಅಂತ ಬಳಕೆಯ ಹಕ್ಕು ಇದೆ, 30, ಆಮೇಲೆ 20, ಆಮೇಲೆ 30 ವರ್ಷ. ಸಾಲದ ಪತ್ರದ ಕಥೆ ನಂಬಬೇಡಿ.

ಪಡುವಣ_ಗಾಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಪನಿ ದಾರಿ ಕೈಬಿಟ್ಟೆ. ಹೆಂಡತಿಗೆ ಈ ಚರ್ಚೆ ಓದಿಸಿದೆ, ಲೋನ್ ವಿಷಯಕ್ಕೆ ಅವಳು ಮೊದಲೇ ಬೇಡ ಅಂದಿದ್ದಳು ಅಂತ ಈಗ ದಿನಾ ನೆನಪಿಸುತ್ತಿದ್ದಾಳೆ.

ಸೀನ ಸರ್, ಕಾಂಡೊ (ಅಪಾರ್ಟ್‌ಮೆಂಟ್ ಫ್ಲ್ಯಾಟ್) ಆದರೆ ನಮ್ಮ ಹೆಸರಿಗೇ ಆಗುತ್ತೆ ಅಂತ ಎಲ್ಲೋ ಓದಿದೆ, ಅದು ಸರಿನಾ? ಬಾಡಿಗೆಗೆ ಬಿಡಬಹುದಾ? ಮತ್ತೆ ಆ ಏಜೆಂಟ್ ವಿಲ್ಲಾ ಜಮೀನಿನ ಪತ್ರದ ಫೋಟೊ ಕಳಿಸಿದ್ದಾನೆ. ಎಲ್ಲಾ ಥಾಯ್ ಲಿಪಿ. ಮೇಲೆ ಹಸಿರು ಬಣ್ಣದ ಗರುಡ ಇದೆ. ಇದೇ ಫೈನಲ್ ಡಾಕ್ಯುಮೆಂಟ್ ಅಂತಾನೆ.

ಸುಖುಮ್ವಿತ್_ಸೀನ

ಕಾಂಡೊ ಸರಿ. 1979ರ ಕಾಯ್ದೆ ಪ್ರಕಾರ ಒಂದು ಕಟ್ಟಡದ ಎಲ್ಲ ಯೂನಿಟ್‌ಗಳ ಒಟ್ಟು ವಿಸ್ತೀರ್ಣದ 49%ವರೆಗೆ ವಿದೇಶಿಯರ ಹೆಸರಲ್ಲಿ ಪೂರ್ಣ ಒಡೆತನಕ್ಕೆ ಹೋಗಬಹುದು. ಫುಕೆಟ್‌ನಂಥ ಜಾಗದಲ್ಲಿ ಆ ಕೋಟಾ ತುಂಬಿರುವ ಕಟ್ಟಡಗಳಿವೆ. ಅಲ್ಲಿ ಉಳಿದದ್ದನ್ನು ಗುತ್ತಿಗೆ ಮಾಡಿ "ಫ್ರೀಹೋಲ್ಡ್ ಇದ್ದ ಹಾಗೇನೇ" ಅಂತ ಮಾರುತ್ತಾರೆ. ಕೋಟಾದಲ್ಲಿ ಜಾಗ ಇದೆ ಅನ್ನುವ ಪತ್ರ ಕಟ್ಟಡದ ಆಡಳಿತ ಕಚೇರಿಯಿಂದ ಬರಬೇಕು, ಏಜೆಂಟ್‌ನಿಂದ ಅಲ್ಲ. ದುಡ್ಡು ಡಾಲರಿನಲ್ಲೇ ಬರಲಿ, ಇಲ್ಲಿ ಬಂದ ಮೇಲೆ ಬಾತ್‌ಗೆ ಬದಲಾಗಲಿ. ವಿದೇಶಿ ಹಣ ಬಂದಿದೆ ಅಂತ ಥಾಯ್ ಬ್ಯಾಂಕ್ ಕೊಡುವ ಪತ್ರ ಇಲ್ಲದೆ ಲ್ಯಾಂಡ್ ಆಫೀಸಿನವರು ನಿಮ್ಮ ಹೆಸರಿಗೆ ಮಾಡಿಕೊಡುವುದಿಲ್ಲ. ಅಲ್ಲಿಂದಲೇ ಬಾತ್ ಮಾಡಿ ಕಳಿಸಿದರೆ ಆ ಪತ್ರಕ್ಕೆ ಒದ್ದಾಡಬೇಕಾಗುತ್ತೆ.

ಏರ್‌ಬಿಎನ್‌ಬಿ ಲೆಕ್ಕ ತೆಗೆದುಹಾಕಿ. 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ 2004ರ ಹೋಟೆಲ್ ಕಾಯ್ದೆ ಅಡ್ಡ ಬರುತ್ತೆ, ಕಾಂಡೊದ ಅಕ್ಕಪಕ್ಕದವರೇ ದೂರು ಕೊಡುತ್ತಾರೆ. ತಿಂಗಳ ಬಾಡಿಗೆಗೆ ತೊಂದರೆ ಇಲ್ಲ, ಆದರೆ ಅದರಿಂದ ಬರುವುದು ಏಜೆಂಟ್ ಹೇಳಿದ ಮೊತ್ತ ಅಲ್ಲ.

ಗರುಡನ ಬಣ್ಣ ನೋಡಿದ್ದು ಒಳ್ಳೆಯದಾಯಿತು. ಕೆಂಪು ಗರುಡ ಇದ್ದರೆ ಅದು ಚನೋಟ್, ಗಡಿ ಕಲ್ಲು ನೆಟ್ಟು ಅಳೆದ ಪೂರ್ಣ ಹಕ್ಕುಪತ್ರ. ಹಸಿರು ಅಂದರೆ ನೊರ್ ಸೊರ್ 3 ಗೊರ್, ವೈಮಾನಿಕ ಫೋಟೊ ನೋಡಿ ಗಡಿ ಹಾಕಿದ್ದು, ಅದು ಸ್ವಾಧೀನದ ಹಕ್ಕು. ಮಾರಬಹುದು, ಗುತ್ತಿಗೆ ನೋಂದಾಯಿಸಬಹುದು, ಚನೋಟ್‌ಗೆ ಬದಲಾಯಿಸಿಕೊಳ್ಳಲೂಬಹುದು, ಆದರೆ ಫೈನಲ್ ಅಲ್ಲ. ಗುಡ್ಡದ ಕಡೆ ಇಂಥ ಪತ್ರ ಕಾಡಿನ ಜಾಗಕ್ಕೆ ತಪ್ಪಾಗಿ ಕೊಟ್ಟದ್ದು ಅಂತ ಆಮೇಲೆ ರದ್ದಾಗಿರುವುದೂ ಉಂಟು. ಮಾಲೀಕನನ್ನೇ ಕೇಳಿ, ಯಾಕೆ ಇನ್ನೂ ಚನೋಟ್ ಮಾಡಿಸಿಲ್ಲ ಅಂತ.

ಫೋಟೊದಲ್ಲಿ ಪತ್ರದ ನಂಬರ್, ಅಂಫೋ ಅಂದರೆ ತಾಲ್ಲೂಕಿನ ಹೆಸರು ಇರುತ್ತೆ. ಭೂ ಇಲಾಖೆಯ ಲ್ಯಾಂಡ್ಸ್‌ಮ್ಯಾಪ್ಸ್ ವೆಬ್‌ಸೈಟಿನಲ್ಲಿ ಚನೋಟ್ ನಂಬರ್ ಹಾಕಿದರೆ ಜಾಗ ಎಲ್ಲಿದೆ, ಎಷ್ಟಿದೆ, ಸರ್ಕಾರಿ ಬೆಲೆ ಎಷ್ಟು ಅಂತ ಬರುತ್ತೆ, ಮಾಲೀಕನ ಹೆಸರು ಬರಲ್ಲ. ಮಾಲೀಕ ಯಾರು ಅಂತ ತಿಳಿಯಲು ಲ್ಯಾಂಡ್ ಆಫೀಸಿಗೇ ಹೋಗಬೇಕು. ಅದಕ್ಕೆ ನಿಮ್ಮ ದುಡ್ಡಿನಲ್ಲಿ ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ. ಏಜೆಂಟ್ "ನಮ್ಮ ಲಾಯರ್ ಇದ್ದಾರೆ" ಅಂದರೆ ಅವರು ಅವನ ಲಾಯರ್.

ಪಡುವಣ_ಗಾಳಿ

ಯಾಕೆ ಚನೋಟ್ ಮಾಡಿಸಿಲ್ಲ ಅಂತ ಕೇಳಿ ಮೆಸೇಜ್ ಹಾಕಿದೆ. ಎರಡು ಟಿಕ್ ನೀಲಿ ಆಗಿದೆ. ಉತ್ತರ ಇಲ್ಲ, ಬದಲಿಗೆ ಬೇರೆ ವಿಲ್ಲಾ ಫೋಟೊ ಬಂದಿದೆ.

ಹಳೇ_ಜಟಕಾ

ಅದರಲ್ಲಿ ಗರುಡ ಯಾವ ಬಣ್ಣ ಕೇಳಿ.